‘ಕಲ್ಟ್’ ಅಂದಾಗ ಬೈಗುಳ ಬೀಳೋದು ಯಾರಿಗೆ?

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಮ್ಮ ಹೊಳಲೂರು ಕಡೆ ಓದಿದ ಹುಡುಗರ ಬಾಯಲ್ಲಿ ಈಗೀಗ ಒಂದು ಮಾತು ಓಡಾಡ್ತಿದೆ: ಕ್ರೈಸ್ತ ಧರ್ಮ ಧರ್ಮವೇ ಅಲ್ಲ, ಅದೊಂದು ಕಲ್ಟ್, ಬಡವರನ್ನ ಬ್ರೈನ್‌ವಾಶ್ ಮಾಡಿ ಸೇರಿಸ್ಕೊಳ್ತಾರೆ ಅಂತ. ಸಿನಿಮಾಕ್ಕೆ ಕಲ್ಟ್ ಅಂದ್ರೆ ಹೊಗಳಿಕೆ, ಚರ್ಚಿಗೆ ಅಂದ್ರೆ ಬೈಗುಳ! ಕನ್ನಡದಲ್ಲಿ ಮತ, ಪಂಥ, ಪಂಗಡ, ಸಂಪ್ರದಾಯ ಅಂತ ಬೇಕಾದಷ್ಟು ಪದಗಳಿವೆ. ಆದರೆ ಅವುಗಳಲ್ಲಿ ಯಾವುದೂ ‘ಒಳಗಿರೋರಿಗೆ ಸ್ವಂತ ಬುದ್ಧಿ ಇಲ್ಲ’ ಅಂತ ಹೇಳಲ್ಲ. ಅದನ್ನ ಹೇಳೋಕೇ ಈ ಇಂಗ್ಲಿಷ್ ಪದ ಬೇಕಾಗಿದೆ. ನಾನು ಚರ್ಚಿಗೆ ಹೋಗೋನಲ್ಲ, ಬಾಬಾಸಾಹೇಬರ ದಾರಿಯವನು. ಆದರೂ ಈ ಮಾತನ್ನ ಸುಮ್ಮನೆ ಬಿಡೋ ಹಾಗಿಲ್ಲ.

ಮೊದಲು ರೋಮಿಗೆ ಹೋಗಿ ಬರೋಣ. ಕ್ರಿ.ಶ. 112ರ ಸುಮಾರಿಗೆ, ಈಗಿನ ಟರ್ಕಿಯ ಉತ್ತರ ಭಾಗಕ್ಕೆ ಪ್ಲಿನಿ ಅನ್ನೋನು ರೋಮನ್ ರಾಜ್ಯಪಾಲ. ಕ್ರೈಸ್ತರು ಗುಟ್ಟಾಗಿ ಸೇರ್ತಾರೆ, ನರಮಾಂಸ ತಿಂತಾರೆ ಅಂತೆಲ್ಲ ಆ ಕಾಲದಲ್ಲಿ ಗುಲ್ಲಿತ್ತು. ನಿಜ ತಿಳಿಯೋಕೆ ಈ ಪ್ಲಿನಿ ಏನು ಮಾಡಿದ ಗೊತ್ತಾ? ಆ ಸಭೆಯಲ್ಲಿ ಸೇವೆ ಮಾಡ್ತಿದ್ದ ಇಬ್ಬರು ಗುಲಾಮ ಹೆಂಗಸರನ್ನ ಹಿಡಿಸಿ ಚಿತ್ರಹಿಂಸೆ ಕೊಡಿಸಿದ. ವಿಚಾರಣೆಯಲ್ಲಿ ಒಟ್ಟು ಸಿಕ್ಕಿದ್ದು ಇಷ್ಟೇ: ಬೆಳಗಿನ ಜಾವ ಸೇರ್ತಾರೆ, ಕ್ರಿಸ್ತನ ಮೇಲೆ ಹಾಡು ಹಾಡ್ತಾರೆ, ಕಳ್ಳತನ ಹಾದರ ಮಾಡಲ್ಲ ಅಂತ ಆಣೆ ಇಡ್ತಾರೆ, ಆಮೇಲೆ ಒಟ್ಟಿಗೆ ಊಟ, ಅದೂ ಎಲ್ಲರೂ ಉಣ್ಣೋ ಊಟವೇ. ಇದನ್ನೆಲ್ಲ ಅವನೇ ಚಕ್ರವರ್ತಿ ಟ್ರಾಜನನಿಗೆ ಕಾಗದ ಬರೆದು ತಿಳಿಸಿದಾನೆ. ಬರೆದೂ ಕೊನೆಗೆ ಕೊಟ್ಟ ಹೆಸರು ಮಾತ್ರ ‘ಕೆಟ್ಟ ಮೂಢನಂಬಿಕೆ’. ಇವತ್ತಿನ ಭಾಷೇಲಿ ಕಲ್ಟ್. ಆ ಇಬ್ಬರು ಹೆಂಗಸರ ಹೆಸರೇನು ಅಂತ ಬರೆಯೋ ಗೋಜಿಗೆ ಅವನು ಹೋಗಲಿಲ್ಲ.

ಅದೇ ಪಂಥ 380ರಲ್ಲಿ ರೋಮಿನ ರಾಜಧರ್ಮ ಆಯ್ತು. ಐದೇ ವರ್ಷಕ್ಕೆ, 385ರಲ್ಲಿ, ಸ್ಪೇನಿನ ಪ್ರಿಸಿಲಿಯನ್ ಅನ್ನೋ ಬಿಷಪ್ ತಪ್ಪು ಪಂಥ ಕಟ್ಟಿದ ಅಂತ ಬೇರೆ ಬಿಷಪ್‌ಗಳೇ ದೂರು ಒಯ್ದರು, ಅವನ ತಲೆ ಹೋಯ್ತು. ಗೋವಾದಲ್ಲಿ 1560ರಿಂದ ನಡೆದ ಇನ್‌ಕ್ವಿಸಿಷನ್ ಕಥೆ ನಿಮಗೆಲ್ಲ ಗೊತ್ತು.

ದೂರದ ಮಾತಾಯ್ತು ಅಂತೀರಾ? ನಮ್ಮ ಜಿಲ್ಲೆಯದ್ದೇ ನೋಡಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕಾಳಾಮುಖ ಶೈವರ ಕೋಡಿಯ ಮಠ ಇತ್ತು. ಈ ಕಾಳಾಮುಖರು ತಲೆಬುರುಡೆಯಲ್ಲಿ ಉಣ್ತಾರೆ, ಹೆಣದ ಬೂದಿ ಬಳ್ಕೊಳ್ತಾರೆ, ಅದನ್ನೇ ತಿಂತಾರೆ, ಹೆಂಡದ ಗಡಿಗೆ ಇಟ್ಟು ಪೂಜೆ ಮಾಡ್ತಾರೆ ಅಂತ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಬರೆದಿದಾರೆ. ಅವರಿಗಿಂತ ಮುಂಚೆ ಯಾಮುನಾಚಾರ್ಯರೂ ಹಾಗೇ ಬರೆದಿದ್ದರು. (ಮೇಲುಕೋಟೆ ಗುಡಿಗೆ ವರ್ಷದಲ್ಲಿ ಮೂರು ದಿನ ನಮ್ಮೋರನ್ನ ಬಿಟ್ಟವರು ಇದೇ ರಾಮಾನುಜರು ಅನ್ನೋ ಪ್ರತೀತಿ ಇದೆ. ಮೂರೇ ದಿನ ಯಾಕೆ ಅಂತ ಇನ್ನೊಮ್ಮೆ ಬರೀತೀನಿ.) ಹೆಚ್ಚೂಕಡಿಮೆ ಅದೇ ಕಾಲದ್ದು, 1162ರ ಬಳ್ಳಿಗಾವಿ ಶಾಸನ. ಅದು ಹೇಳೋದೇ ಬೇರೆ. ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ನಾಟ್ಯಶಾಸ್ತ್ರದವರೆಗೆ ಪಾಠ ನಡೀತಿತ್ತು. ದಿಕ್ಕಿಲ್ಲದೋರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಹಾಕ್ತಿದ್ದರು. ರೋಗಿಗಳಿಗೆ ಔಷಧಿ ಕೊಡ್ತಿದ್ದರು. ಜೈನ ಕ್ಷಪಣಕರು ಬಂದರೂ, ಏಕದಂಡಿ ತ್ರಿದಂಡಿ ಸನ್ಯಾಸಿಗಳು ಬಂದರೂ ಊಟ ಇತ್ತು. ಶಾಸನ ಹಾಕಿಸೋರು ತಮ್ಮ ಮಠವನ್ನ ಹೊಗಳ್ಕೊಂಡೇ ಹಾಕಿಸ್ತಾರೆ, ಒಪ್ಪಿದೆ. ಆದರೆ ಆ ಬುರುಡೆ ಕಥೆಯನ್ನ ನಾವು ನಂಬಿದ್ದು ಎದುರು ಪಕ್ಷದೋರ ಪುಸ್ತಕ ನೋಡಿ. ರೋಮಿನಲ್ಲಿ ನರಮಾಂಸ, ಇಲ್ಲಿ ಹೆಣದ ಬೂದಿ. ಆಗದವರ ಊಟದ ಮೇಲೇ ಮೊದಲು ಅಪವಾದ ಹೊರಿಸ್ತಾರೆ. ದನದ ಮಾಂಸದ ಹೆಸರಲ್ಲಿ ಏಟು ತಿಂದೋರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಈಗ ನಮ್ಮ ವಿಷಯಕ್ಕೆ ಬರ್ತೀನಿ. 1935ರಲ್ಲಿ ಯೇವಲಾದಲ್ಲಿ ಬಾಬಾಸಾಹೇಬರು ಹಿಂದೂವಾಗಿ ಸಾಯಲ್ಲ ಅಂದರು. ಮರುವರ್ಷವೇ ಗಾಂಧೀಜಿ, ಕ್ರೈಸ್ತ ಮುಖಂಡ ಜಾನ್ ಮಾಟ್ ಜೊತೆ ಮಾತಾಡ್ತಾ, ಹರಿಜನರಿಗೆ ಧರ್ಮಗಳನ್ನ ತೂಗಿ ನೋಡೋ ಅರಿವು ಹಸುವಿಗಿರೋಷ್ಟೂ ಇಲ್ಲ, ಹಸುವಿಗೆ ಹೋಗಿ ಸುವಾರ್ತೆ ಸಾರ್ತೀರಾ ಅನ್ನೋ ಅರ್ಥದಲ್ಲಿ ಕೇಳಿದರು. ಅವರದ್ದೇ ‘ಹರಿಜನ’ ಪತ್ರಿಕೆಯಲ್ಲಿ ಅಚ್ಚಾದ ಮಾತು ಇದು. ಆ ‘ಅರಿವಿಲ್ಲದ’ ಜನರ ನಾಯಕ ಇಪ್ಪತ್ತೊಂದು ವರ್ಷ ಓದಿ, ಅಳೆದು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನ ಕಡೆ ನಡೆದರು. ಜೊತೆಗೆ ಲಕ್ಷಾಂತರ ಜನ.

2022ರ ಕರ್ನಾಟಕದ ಮತಾಂತರ ಕಾಯ್ದೆ ತೆಗೆದು ನೋಡಿ. ಮಾಮೂಲಿ ಶಿಕ್ಷೆ 3ರಿಂದ 5 ವರ್ಷ. ಆದರೆ ಅಪ್ರಾಪ್ತರು, ಬುದ್ಧಿ ಸ್ಥಿಮಿತದಲ್ಲಿ ಇಲ್ಲದೋರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದೋರನ್ನ ಮತಾಂತರ ಮಾಡಿದರೆ 3ರಿಂದ 10 ವರ್ಷ. ಆ ಸಾಲಿನಲ್ಲಿ ನಮ್ಮನ್ನ ಯಾರ ಪಕ್ಕ ನಿಲ್ಲಿಸಿದಾರೆ ನೋಡಿ! ನನ್ನ ಹತ್ತಿರ ಡಿಗ್ರಿ ಇದೆ, ಸರ್ಕಾರದ ಕಡತಕ್ಕೆ ಟಿಪ್ಪಣಿ ಬರೀತೀನಿ. ಆದರೆ ದೇವರನ್ನ ಆರಿಸ್ಕೊಳ್ಳೋ ವಿಷಯ ಬಂದಾಗ ನಾನು ಮಗು. ಹಿಂದಿನ ಧರ್ಮಕ್ಕೆ ವಾಪಸ್ ಹೋದರೆ ಮಾತ್ರ ಅದು ಮತಾಂತರವೇ ಅಲ್ವಂತೆ. ಅಲ್ಲಿಗೆ ಹೋಗುವಾಗ ಬುದ್ಧಿ ತಾನಾಗೇ ಬಂದ್ಬಿಡುತ್ತೆ! 2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆ ರದ್ದು ಮಾಡೋ ತೀರ್ಮಾನ ಮಾಡಿತು, ಸರಿ. ಆದರೆ ಕಾಯ್ದೆಯ ಹಿಂದಿದ್ದ ಮನಸ್ಸೇ ಇವತ್ತು ‘ಕಲ್ಟ್’ ಅಂತ ಮಾತಾಡ್ತಿರೋದು. ಅದು ಪಾದ್ರಿಗೆ ಬೈದ ಹಾಗೆ ಕಾಣುತ್ತೆ, ಬೀಳೋದು ಹೋಗಿ ಸೇರಿದ ನಮ್ಮಕ್ಕ, ನಮ್ಮ ಚಿಕ್ಕಪ್ಪನ ಮೇಲೆ.

ಇನ್ನು ಆಮಿಷ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಪರಿಶಿಷ್ಟ ಅಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೀತು, ಕ್ರೈಸ್ತರಿಗೂ ಮುಸ್ಲಿಮರಿಗೂ ಇಲ್ಲ. ಜಾತಿ ಸರ್ಟಿಫಿಕೇಟಿನ ಬೆಲೆ ಏನು ಅಂತ ಕಚೇರಿಯಲ್ಲಿ ಕೂತೋನಿಗೆ ಹೇಳಬೇಕಾಗಿಲ್ಲ. ಮೀಸಲಾತಿಯನ್ನೇ ಕಳ್ಕೊಂಡು ಹೋಗೋದಕ್ಕೆ ಆಮಿಷ ಅಂತಾರಾ? ಮಂಗಳೂರಲ್ಲಿ ಬಾಸೆಲ್ ಮಿಷನ್ 1834ರಲ್ಲಿ ಬಂದಾಗಲೂ ಹೀಗೇ ಆಯ್ತು. ಸೇರಿದವರನ್ನ ಜಾತಿಯೋರು ಹೊರಗೆ ಹಾಕಿದರು, ಹೊಟ್ಟೆಪಾಡು ಹೋಯ್ತು. ಆಮೇಲೆ ಮಿಷನ್‌ನೋರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು.

ಹಾಗಂತ ಚರ್ಚಿಗೆ ಕ್ಲೀನ್ ಚಿಟ್ ಕೊಡ್ತಿಲ್ಲ. ಅಲ್ಲೂ ಜಾತಿ ಒಳಗೆ ಬಂದು ಕೂತಿದೆ. ತಮಿಳುನಾಡಿನ ತಿರುಚ್ಚಿಯಲ್ಲಿ ಕ್ರೈಸ್ತರ ಸ್ಮಶಾನದ ಮಧ್ಯೆನೇ ಗೋಡೆ ಕಟ್ಟಿ ದಲಿತರ ಹೆಣ ಬೇರೆ ಮಾಡಿದರು. ‘ಔಷಧಿ ಬಿಡು, ಪ್ರಾರ್ಥನೆ ಸಾಕು’ ಅನ್ನೋ ಪಾಸ್ಟರ್ ಸಿಕ್ಕಿದರೆ ಮುಖಕ್ಕೆ ಹೊಡೆದ ಹಾಗೆ ಪ್ರಶ್ನೆ ಕೇಳಿ. ಕೇಳಬೇಕಾದ್ದು ಆ ಕೆಲಸದ ಬಗ್ಗೆ.

ನಮ್ಮ ಚಳವಳಿ ಇದನ್ನ ಮಾಡಿ ತೋರಿಸಿದೆ. ಭದ್ರಾವತಿಯಲ್ಲಿ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯೋರು 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದರು. ಭಕ್ತರು ತಿರುಗಿಬಿದ್ದರು, ಪೊಲೀಸರನ್ನೂ ಬಿಡಲಿಲ್ಲ. ಹರಕೆ ಹೊತ್ತ ಹೆಂಗಸರ ನಂಬಿಕೆ ಅವರದ್ದು, ತಡೆಯೋಕೆ ನೀವ್ಯಾರು ಅಂತ ಆಗಲೂ ಕೇಳಿದರು, ಈಗಲೂ ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ನನಗೆ ಹೊಳೆಯೋ ಉತ್ತರ ಒಂದೇ: ಆ ಹೆಂಗಸು ‘ನಾನು ಬಟ್ಟೆ ಬಿಚ್ಚಲ್ಲ’ ಅಂದಿದ್ದರೆ ಮನೆಯೋರು, ಪೂಜಾರಿ, ಊರು ಸುಮ್ಮನಿರ್ತಿದ್ದರಾ? ಚರ್ಚಿಗೆ ಹೋಗೋ ನಮ್ಮಕ್ಕನಿಗೂ ಇದನ್ನೇ ಕೇಳಿ, ನಾಳೆಯಿಂದ ಹೋಗಲ್ಲ ಅಂದರೆ ಏನಾಗುತ್ತೆ ಅಂತ. ಹಾಗೇ ಕಲ್ಟ್ ಅಂತ ಬೈಯೋ ಹುಡುಗರನ್ನೂ ಕೇಳಿ, ನಿಮ್ಮ ತಂಗಿ ನಮ್ಮ ಕೇರಿ ಹುಡುಗನನ್ನ ಮದುವೆ ಆಗ್ತೀನಿ ಅಂದರೆ ಮನೇಲಿ ಏನಾಗುತ್ತೆ ಅಂತ.

ಚಂದ್ರಗುತ್ತಿಯಲ್ಲಿ ಆಮೇಲೆ ಬೆತ್ತಲೆ ಸೇವೆಗೆ ನಿಷೇಧ ಬಂತು. ರೇಣುಕಾಂಬೆ ಜಾತ್ರೆ ಈಗಲೂ ನಡೆಯುತ್ತೆ, ನಮ್ಮ ಜನಾನೂ ಹೋಗ್ತಾರೆ, ಮೈಮೇಲೆ ಬಟ್ಟೆ ಹಾಕ್ಕೊಂಡು.