ಕಿತ್ತಳೆ ಕದ್ದವರಿಬ್ಬರು

ಆಲೂರು ಸೀಮೆಯ ಪಾಳ್ಯದಲ್ಲಿ ನಾನು ಹುಡುಗನಾಗಿದ್ದಾಗ, ಸುಗ್ಗಿಯ ಹೊತ್ತಿಗೆ ಕೊರಮರು ಬಂದು ಊರ ಹೊರಗಿನ ಮರದಡಿಯಲ್ಲಿ ಬಿಡಾರ ಹೂಡುತ್ತಿದ್ದರು. ಬಿದಿರು ಸೀಳಿ ಮೊರ, ಕುಕ್ಕೆ ಹೆಣೆಯುವರು. ಕಾಫಿ ಹಣ್ಣು ಕೊಯ್ಯುವುದಕ್ಕೂ ಅವರ ಕುಕ್ಕೆಯೇ ಬೇಕು. ೧೯೫೮ನೆಯ ಇಸವಿಯಲ್ಲಿ ಅವರ ಹುಡುಗನೊಬ್ಬನೂ ನಾನೂ ಸೇರಿ ಒಂದು ತೋಟದ ಕಿತ್ತಳೆ ಕದ್ದೆವು. ಉಪಾಯ ನನ್ನದು, ಮರ ಹತ್ತಿದವನು ಅವನು. ಇಬ್ಬರೂ ಸಿಕ್ಕಿಬಿದ್ದೆವು. ನನಗೆ ಪುಂಡನೆಂಬ ಬಿರುದು ಕೊಟ್ಟು, ಕಿವಿ ಹಿಂಡಿ ಮನೆಗೆ ಅಟ್ಟಿದರು. ನನ್ನ ಜೇಬನ್ನು ಯಾರೂ ನೋಡಲಿಲ್ಲ. ಎರಡು ಹಣ್ಣು ಅಲ್ಲಿಯೇ ಇದ್ದುವು. ಅವನನ್ನು ಕಂಬಕ್ಕೆ ಕಟ್ಟಿ, ಮೂರು ತಿಂಗಳಿಂದ ಊರಿನಲ್ಲಿ ಕಳೆದುಹೋದುದನ್ನೆಲ್ಲ ಅವನ ಬಾಯಿಂದ ಹೊರಡಿಸಲು ನೋಡಿದರು. ಕೊರಮರು ಬಂದು ಎಂಟು ದಿನವೂ ಆಗಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮರುದಿನ ಮರದಡಿಯಲ್ಲಿ ಒಲೆಯ ಬೂದಿ ಮಾತ್ರ ಉಳಿದಿತ್ತು.

ಈ ಭೇದ ಊರಿನವರದೇ ಕಲ್ಪನೆಯೆಂದು ಬಹುಕಾಲ ನಂಬಿದ್ದೆ. ಅದಕ್ಕೆ ಅಚ್ಚಾದ ಕಾಯಿದೆಯೇ ಇದ್ದಿತೆಂಬುದು ಆಮೇಲೆ ಓದಿ ತಿಳಿಯಿತು.

ಕೆಲವು ಜಾತಿಗಳು ಹುಟ್ಟಿನಿಂದಲೇ ಅಪರಾಧಿಗಳೆಂದು ಬಗೆದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯನ್ನು ಬ್ರಿಟಿಷ್ ಸರಕಾರ ತಂದುದು ೧೮೭೧ರಲ್ಲಿ. ಮಕ್ಕಳ ಮಾತಿಗೆ ೧೮೯೭ನ್ನು ನೋಡಬೇಕು. ಆ ಒಂದೇ ವರ್ಷದಲ್ಲಿ ಎರಡು ಶಾಸನಗಳಾದುವು. ರಿಫಾರ್ಮೇಟರಿ ಶಾಲೆಗಳ ಕಾಯಿದೆಯಂತೆ ಹದಿನೈದರೊಳಗಿನ ಹುಡುಗನನ್ನು ಸೆರೆಮನೆಗೆ ಬದಲಾಗಿ ಶಾಲೆಗೆ ಕಳಿಸಬಹುದು. ಆದರೆ ಮೊದಲು ಕೋರ್ಟಿನಲ್ಲಿ ಅಪರಾಧ ರುಜುವಾತಾಗಬೇಕು. ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ತಿದ್ದುಪಡಿಯಂತೆ ಆ ಜಾತಿಗಳ ನಾಲ್ಕರಿಂದ ಹದಿನೆಂಟರವರೆಗಿನ ಹುಡುಗರನ್ನು ಹೆತ್ತವರಿಂದ ಬಿಡಿಸಿ ಬೇರೆಯೇ ಇರಿಸಬಹುದು. ರುಜುವಾತೆಲ್ಲಿ? ಹುಟ್ಟೇ ರುಜುವಾತು. ನಾಲ್ಕು ವರ್ಷದ ಮಗು ಏನನ್ನು ಕದ್ದೀತು, ವಾಚಕರೇ ಹೇಳಬೇಕು, ಬೆಲ್ಲದ ಚೂರನ್ನೇ? ೧೯೧೧ರ ಕಾಯಿದೆ ಆ ನಾಲ್ಕನ್ನು ಆರು ಮಾಡಿತು. ಇಷ್ಟೇ ಕರುಣೆ.

ಪಾಳ್ಯ ಮೈಸೂರು ಸಂಸ್ಥಾನದ್ದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಈ ಕಾಯಿದೆಯ ಸೆಟ್ಲಮೆಂಟುಗಳೆದ್ದುವು. ಹುಬ್ಬಳ್ಳಿ, ಗದಗಗಳಲ್ಲಿ ಆ ಓಣಿಗಳಿಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ಆಸ್ಟ್ರೇಲಿಯದಲ್ಲಿಯೂ ಮೂಲನಿವಾಸಿಗಳ ಮಕ್ಕಳನ್ನು ಹೀಗೆ ಹೆತ್ತವರಿಂದ ಬಿಡಿಸಿದ್ದರು; ಅದಕ್ಕಾಗಿ ಅಲ್ಲಿಯ ಸರಕಾರ ೨೦೦೮ರಲ್ಲಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿತು.

ಇಷ್ಟಕ್ಕೂ ಕೊರಮರು ಹಿಂದೆ ಹೇರೆತ್ತು, ಕತ್ತೆಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತಂದು ಮಾರುತ್ತಿದ್ದವರು. ರೈಲು ಬಂದು, ಉಪ್ಪು ಸರಕಾರದ ಹಿಡಿತಕ್ಕೆ ಹೋಗಿ ಆ ವ್ಯಾಪಾರ ಕೆಟ್ಟಿತು. ನಮ್ಮ ಹಿರಿಯರು ಉಂಡದ್ದು ಅವರು ಹೊತ್ತು ತಂದ ಉಪ್ಪನ್ನೇ ಇರಬೇಕು.

ಕಾಯಿದೆ ರದ್ದಾದುದು ೧೯೫೨ರ ಆಗಸ್ಟ್ ೩೧ರಂದು. ನಮ್ಮ ಕಿತ್ತಳೆಯ ಪ್ರಕರಣ ನಡೆದುದು ಅದಾದ ಆರು ವರ್ಷಕ್ಕೆ. ತೋಟದವರು ಗೆಜೆಟ್ ಓದುವವರಲ್ಲ. ನಮ್ಮ ಮನೆಯವರೂ ಅಲ್ಲ. ಮರುವರ್ಷ ಮೊರ ಮಾರಲು ಬೇರೆ ಕೊರಮರು ಬಂದರು. ಅವನು ಬರಲಿಲ್ಲ.