ಪಕ್ಕದಲ್ಲಿ ಕೂತವರ ಹೊಗೆ

ವಾರಾಣಸಿಯ ಲಂಕಾ ಬಡಾವಣೆಯಲ್ಲಿ, ಹಿಂದೂ ವಿಶ್ವವಿದ್ಯಾಲಯದ ಹೆಬ್ಬಾಗಿಲಿನಿಂದ ಸ್ವಲ್ಪ ದೂರದ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಗೆಳತಿಯ ಜೊತೆ ಸರದಿಗೆ ಕಾಯುತ್ತಿದ್ದೆ. ನಮ್ಮ ಮುಂದಿದ್ದ ಮಗುವಿಗೆ ಆ ಚಳಿಗಾಲದಲ್ಲಿ ಮೂರನೇ ಸಲ ಉಬ್ಬಸ. ಡಾಕ್ಟರು ಚೀಟಿ ಬರೆಯುತ್ತಲೇ ಕೇಳಿದರು: "ಘರ್ ಮೇ ಕೋಈ ಬೀಡಿ ಪೀತಾ ಹೈ?" ತಾಯಿ ಒಮ್ಮೆ ಅತ್ತೆಯ ಕಡೆ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಬಾಗಿಲ ಹೊರಗೆ ಮಗುವಿನ ಅಜ್ಜ ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡು ಕೂತಿದ್ದರು.

ಕೇಳಿದ್ದೇ ದೊಡ್ಡದು ಅನ್ನಿ. ಆ ಪ್ರಶ್ನೆ ಮಕ್ಕಳ ಡಾಕ್ಟರ ಬಾಯಿಗೆ ಬರಲು ಬಹಳ ಕಾಲ ಹಿಡಿದಿದೆ.

ತಂಬಾಕು ಮೊಘಲ್ ದರ್ಬಾರು ಸೇರಿದ್ದು ನಮ್ಮ ಕಡೆಯಿಂದ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದಲ್ಲಿ ಅದನ್ನು ಕಂಡು, ರತ್ನ ಕೂಡಿಸಿದ ಹುಕ್ಕಾದೊಂದಿಗೆ ಬಾದಶಹನಿಗೆ ಒಯ್ದ. ಅಕ್ಬರ್ ಒಂದೆರಡು ದಮ್ಮು ಎಳೆಯುತ್ತಲೇ ಆಸ್ಥಾನದ ಹಕೀಮ ಅಡ್ಡ ಬಂದ. ಗ್ರಂಥಗಳಲ್ಲಿಲ್ಲದ, ಪರೀಕ್ಷೆಯಾಗದ ವಸ್ತು ಎಂಬುದು ಅವನ ತಕರಾರು. ಅಸದ್ ಬೇಗ್ ವಾದ ಹೂಡಿದ, ಅಮೀರರಿಗೆ ಹಂಚಿದ, ಚಟ ಹಬ್ಬಿತು. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ನಿಷೇಧಿಸಿದರೂ ನಿಲ್ಲಲಿಲ್ಲ. ಹಕೀಮನ ಕಣ್ಣು ಇದ್ದದ್ದು ಸೇದುವವನ ಮೇಲೆ. ಪಕ್ಕದಲ್ಲಿ ಕೂತ ಮಗುವಿನ ಕಡೆಗೆ ವೈದ್ಯರು ತಿರುಗಲು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

1974ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. ಲಂಡನ್ನಿನ ಹ್ಯಾರೋದಲ್ಲಿ 2,205 ಶಿಶುಗಳನ್ನು ಐದು ವರ್ಷ ಹಿಂಬಾಲಿಸಿದ ಕಾಲಿ ಮತ್ತು ಸಂಗಡಿಗರು, ಅಪ್ಪ ಅಮ್ಮ ಸೇದುವ ಮನೆಯ ಮಕ್ಕಳಿಗೆ ಹುಟ್ಟಿದ ಮೊದಲ ವರ್ಷದಲ್ಲಿ ನ್ಯುಮೋನಿಯಾ, ಬ್ರಾಂಕೈಟಿಸ್ ಹೆಚ್ಚೆಂದು ತೋರಿಸಿದರು. ಜೆರುಸಲೇಮಿನಲ್ಲಿ ಹಾರ್ಲಾಪ್ ಮತ್ತು ಡೇವಿಸ್, ಸೇದುವ ತಾಯಂದಿರ ಕೂಸುಗಳು ಅವೇ ಕಾಯಿಲೆಗಳಿಂದ ಹೆಚ್ಚು ಆಸ್ಪತ್ರೆ ಸೇರುವುದನ್ನು ಕಂಡರು. ಅಷ್ಟರಲ್ಲಿ ವಾರಾಣಸಿಯಲ್ಲಿ, ನಮ್ಮ ಕರಾವಳಿಯ ಶಸ್ತ್ರವೈದ್ಯ ಕೆ.ಎನ್. ಉಡುಪರು ಮುನ್ನಡೆಸಿದ 1960ರ ವೈದ್ಯಕೀಯ ಕಾಲೇಜು ಬೆಳೆದು 1971ರಲ್ಲಿ ವೈದ್ಯವಿಜ್ಞಾನ ಸಂಸ್ಥೆಯಾಗಿತ್ತು. ಪೂರ್ವ ಉತ್ತರಪ್ರದೇಶ, ಪಶ್ಚಿಮ ಬಿಹಾರದ ಕೆಮ್ಮುವ ಮಕ್ಕಳು ಇಂದಿಗೂ ಅಲ್ಲಿಗೇ ಬರುತ್ತವೆ.

ಹಾನಿ ಗೊತ್ತಾದ ಮೇಲೂ ಮಕ್ಕಳ ಡಾಕ್ಟರಿಗೆ ಒಂದು ಮುಜುಗರ ಉಳಿಯಿತು: ರೋಗಿ ಮಗು, ಸೇದುವ ಅಪ್ಪನಿಗೆ ಬುದ್ಧಿ ಹೇಳಲು ನಾನ್ಯಾರು? ಇದನ್ನು ಕಳೆಯಲು ಹೊರಟ ತರಬೇತಿಯ ಹಿಂದೆ ಗಗನಸಖಿಯರ ಹಣವೂ ಇದೆ. ಪ್ರಯಾಣಿಕರ ಸಿಗರೇಟ್ ಹೊಗೆ ನುಂಗಿದ ಅಮೆರಿಕದ ವಿಮಾನ ಸಿಬ್ಬಂದಿ ಕಂಪನಿಗಳ ಮೇಲೆ ದಾವೆ ಹೂಡಿ, 1997ರ ರಾಜಿಯಲ್ಲಿ 30 ಕೋಟಿ ಡಾಲರಿನ ಸಂಶೋಧನಾ ನಿಧಿ ಪಡೆದರು. ಅದರ ನೆರವಿನಿಂದ 2006ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ರಿಚ್ಮಂಡ್ ಕೇಂದ್ರ ತೆರೆಯಿತು. ಬಾಸ್ಟನ್ನಿನ ಜೊನಾಥನ್ ವಿನಿಕಾಫ್ ರೂಪಿಸಿದ 'ಸೀಸ್' ಕ್ರಮ ಸರಳ: ಕೇಳು, ನೆರವಾಗು, ಬಿಡಿಸುವವರ ಬಳಿ ಕಳಿಸು. 20 ಕ್ಲಿನಿಕ್ಕುಗಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತರಬೇತಾದ ಕಡೆ ಸೇದುವ ತಂದೆತಾಯಿಯರಲ್ಲಿ ಶೇ. 42.5ರಷ್ಟು ಮಂದಿಗೆ ನಿಜವಾದ ನೆರವು ಸಿಕ್ಕಿತು. ಉಳಿದ ಕಡೆ ಶೇ. 3.5.

ನಮ್ಮಲ್ಲಿ ದಾರಿ ಕೋರ್ಟಿನ ಮೂಲಕ ಸಾಗಿತು. 2001ರಲ್ಲಿ ಮುರಳಿ ದೇವರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯಿತು; 2003ರ ಕಾಯ್ದೆ, 2008ರ ನಿಯಮಗಳು ಹಿಂದೆಯೇ ಬಂದವು. ಮನೆ ಮಾತ್ರ ಕಾನೂನಿನ ಕೈಗೆ ಸಿಗದು. 2009–10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 52ರಷ್ಟು ಮಂದಿ ಮನೆಯೊಳಗೆ ಪರರ ಹೊಗೆಗೆ ಸಿಕ್ಕಿದ್ದರು, 2016–17ರಲ್ಲಿ ಶೇ. 38.7. ಆ ಎರಡನೇ ಸಮೀಕ್ಷೆಯ ಪ್ರಕಾರ ಸೇದುವ ಗಂಡಸರು ಶೇ. 19, ಹೆಂಗಸರು ಶೇ. 2. ಎಂದರೆ ಬಾಸ್ಟನ್ನಿನ ಕ್ರಮವನ್ನು ಹಾಗೇ ತಂದರೆ ಅರ್ಧವಷ್ಟೇ ಹೊಂದುತ್ತದೆ. ಇಲ್ಲಿ ಡಾಕ್ಟರ ಎದುರು ಕೂರುವವಳು ತಾಯಿ, ಸೇದುವವನು ಗಂಡ, ಇಲ್ಲವೇ ಮಾವ.

ಇದನ್ನು ಚೆನ್ನಾಗಿ ಗ್ರಹಿಸಿದ್ದು ಕೇರಳ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಕೆ.ಆರ್. ತಂಗಪ್ಪನ್, ಅರಿಝೋನಾದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಮೊದಲಾದವರು ವೈದ್ಯಕೀಯ ಕಾಲೇಜುಗಳ ಪಾಠದಲ್ಲಿ ತಂಬಾಕು ಬಿಡಿಸುವ ವಿದ್ಯೆ ಸೇರಿಸಲು ದುಡಿದರು. ಆಮೇಲೆ ಹಳ್ಳಿಗಳಿಗೆ ಹೋದರು. ಒಬ್ಬಳೇ ಹೆಂಡತಿ ಗಂಡನಿಗೆ ಹೇಳಲಾರಳು. ಊರಿನ ಹೆಂಗಸರು ಒಟ್ಟಾಗಿ 'ನಮ್ಮ ಮನೆಗಳೊಳಗೆ ಬೀಡಿ ಬೇಡ' ಅಂದಾಗ ಅದು ಗಂಡ ಹೆಂಡಿರ ಜಗಳವಾಗದೆ ಊರಿನ ಕಟ್ಟಳೆಯಾಗುತ್ತದೆ.

ಮಕ್ಕಳ ವೈದ್ಯರಿಗಾಗಿ ಸಿದ್ಧಪಡಿಸಿದ ಪ್ರಶ್ನಾವಳಿಯೊಂದು ಹಿಂದೆ ಅನುವಾದಕ್ಕೆ ನನ್ನ ಬಳಿ ಬಂದಿತ್ತು. 'ನಿಷ್ಕ್ರಿಯ ಧೂಮಪಾನ' ಎಂದು ಬರೆದು ನಾನೇ ನಕ್ಕು ಹೊಡೆದುಹಾಕಿದೆ. ಹಿಂದಿಯವರು ಬೀಡಿ ಕುಡಿಯುತ್ತಾರೆ. ನಾವು ಬಾವಿಯಿಂದ ನೀರು ಸೇದಿದ ಹಾಗೆ ಸೇದುತ್ತೇವೆ, ಅದಕ್ಕೆ ಮನಸ್ಸೂ ತೋಳೂ ಬೇಕು. ಒಲೆಯ ಮುಂದೆ ಬೆಂದ ನಮ್ಮಜ್ಜಿ ಮಾತ್ರ 'ಹೊಗೆ ಕುಡಿದೂ ಕುಡಿದೂ ಕಣ್ಣು ಹೋಯ್ತು' ಅನ್ನುತ್ತಿದ್ದರು. ಬೇಡದೆ ಒಳಹೋಗುವ ಹೊಗೆಗೆ ಕನ್ನಡದಲ್ಲಿ ಮೊದಲಿಂದಲೂ ಮಾತಿತ್ತು.

ಪ್ರಶ್ನೆಯನ್ನೂ ಬದಲಿಸಿದೆ. 'ಯಾರಾದರೂ ಸೇದುತ್ತಾರೆಯೇ' ಎಂದರೆ ಸೊಸೆ ಮಾವನ ಮೇಲೆ ಚಾಡಿ ಹೇಳಿದಂತಾಗುತ್ತದೆ. 'ಮನೆಗೆ ಬಂದವರು, ಮನೆಯವರು ಬೀಡಿ ಸೇದುವಾಗ ಮಗು ಎಲ್ಲಿರುತ್ತದೆ?' ಎಂದು ಬರೆದು ಕಳಿಸಿದೆ. ಅನುವಾದ ಮೂಲಕ್ಕೆ ನಿಷ್ಠವಾಗಿಲ್ಲ ಎಂದು ವಾಪಸ್ಸು ಬಂತು.