ವೆಲ್ಡಿಂಗ್ ಮಿಷನ್ ತಗೊಳ್ಳೋಕೆ ಮುಂಚೆ ಮೀಟರ್ ಬೋರ್ಡ್ ನೋಡಿ

1/6
ನಮ್ಮ ಪ್ರಾಜೆಕ್ಟ್ ಟೀಮಿಗೆ ಒಂದು ಸಣ್ಣ ಶೆಡ್ ಸಿಕ್ಕಿದೆ. ತಳ್ಳುಗಾಡಿಯ ಫ್ರೇಮ್ ಮಾಡ್ಬೇಕು, 2 ಎಂಎಂ ಸ್ಕ್ವೇರ್ ಪೈಪ್‌ನಲ್ಲಿ. ಇರೋ ದುಡ್ಡಿಗೆ ಒಂದೇ ವೆಲ್ಡಿಂಗ್ ಮಿಷನ್ ಬರುತ್ತೆ, ತಪ್ಪು ಮಿಷನ್ ತಗೊಂಡ್ರೆ ಈ ವರ್ಷದ ಕೆಲಸ ಅಲ್ಲಿಗೇ ಮುಗೀತು. ಯಾವುದು ತಗೊಳ್ಳೋದು ಅಂತ ಹುಡುಕ್ತಾ ಹೋದ್ರೆ ದಾರಿ ಕೆಜಿಎಫ್ ಇತಿಹಾಸಕ್ಕೆ ಬಂತು. ಬನ್ನಿ, ಹೇಳ್ತೀನಿ.

2/6
ಬಂಗಾರಪೇಟೆಯಿಂದ ಮಾರಿಕುಪ್ಪಂ ಟ್ರೈನ್ ಹತ್ತಿದವರಿಗೆಲ್ಲ ಸೈನೈಡ್ ಗುಡ್ಡಗಳು ಗೊತ್ತು. ಆ ಗಣಿಗಳು ಮೊದಲು ಓಡಿದ್ದು ಉಗಿಯಿಂದ. ಸೌದೆ, ಕಲ್ಲಿದ್ದಲು ಹೊತ್ತು ತಂದು ಸುಡೋ ಖರ್ಚು ಬೇರೆ. 1902ರಲ್ಲಿ ಶಿವನಸಮುದ್ರದ ಕಾವೇರಿ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಇಲ್ಲಿಗೆ ಬಂತು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ, ಅಂದ್ರೆ ನಮಗಿಂತ ಆಮೇಲೆ!

ಅಷ್ಟು ದೂರ ಕರೆಂಟು ತರೋದು ಹೇಗೆ? ವೋಲ್ಟೇಜ್ ಏರಿಸಿದ್ರೆ ಅದೇ ಶಕ್ತಿಗೆ ಆಂಪ್ ಕಮ್ಮಿ ಸಾಕು. ತಂತಿ ಬಿಸಿಯಾಗಿ ಹೋಗೋ ನಷ್ಟ ಆಂಪಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಆಂಪ್ ಅರ್ಧ ಆದ್ರೆ ನಷ್ಟ ಕಾಲು ಭಾಗ.

3/6
ವೆಲ್ಡಿಂಗ್ ಮಿಷನ್ ಮಾಡೋದು ಇದರ ಉಲ್ಟಾ. 230 ವೋಲ್ಟನ್ನ ಇಪ್ಪತ್ತು ಚಿಲ್ಲರೆಗೆ ಇಳಿಸಿ, ಆಂಪ್ ಏರಿಸುತ್ತೆ. ಆ ಆಂಪೇ ಕಬ್ಬಿಣ ಕರಗಿಸೋದು.

1880ರ ದಶಕದಲ್ಲಿ ರಷ್ಯಾದ ಬೆನಾರ್ಡೋಸ್ ಕಾರ್ಬನ್ ಕಡ್ಡಿಯಿಂದ ಬೆಸುಗೆ ಹಾಕಿ ತೋರಿಸಿದ. ಆಮೇಲೆ ಸ್ಲಾವ್ಯಾನೋವ್ ಲೋಹದ ಕಡ್ಡಿಯನ್ನೇ ಕರಗಿಸಿದ. ಸ್ವೀಡನ್ನಿನ ಆಸ್ಕರ್ ಕೆಲ್‌ಬರ್ಗ್ ಆ ಕಡ್ಡಿಗೆ ಲೇಪ ಹಚ್ಚಿ, 1904ರಲ್ಲಿ ಇಸಾಬ್ ಕಂಪನಿ ಶುರು ಮಾಡಿದ. ಇವತ್ತು ನಮ್ಮ ಅಂಗಡೀಲಿ ಸಿಗೋ 6013 ರಾಡ್ ಆ ವಂಶದ್ದೇ. ಲೇಪ ಸುಟ್ಟು ಬರೋ ಹೊಗೆ, ಮೇಲೆ ಕೂರೋ ಸ್ಲ್ಯಾಗ್, ಎರಡೂ ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಕಾಯುತ್ತವೆ.

4/6
ಈಗ ನಮ್ಮ ಆಯ್ಕೆ. ಹಳೇ ಟ್ರಾನ್ಸ್‌ಫಾರ್ಮರ್ ಮಿಷನ್ ಸೆಕೆಂಡ್‌ಹ್ಯಾಂಡಲ್ಲಿ ಅಗ್ಗಕ್ಕೆ ಸಿಕ್ತು. ಆದ್ರೆ ಇಬ್ಬರು ಹಿಡಿದ್ರೂ ಅಲ್ಲಾಡಲ್ಲ. ಯಾಕಷ್ಟು ಭಾರ? ಫ್ರೀಕ್ವೆನ್ಸಿ ಕಮ್ಮಿ ಇದ್ರೆ ಟ್ರಾನ್ಸ್‌ಫಾರ್ಮರ್‌ಗೆ ದಪ್ಪ ಕಬ್ಬಿಣ ಬೇಕು. ನಮ್ಮ ಮನೆ ಕರೆಂಟು 50 ಸೈಕಲ್. ಅಂದಿನ ಶಿವನಸಮುದ್ರದ್ದು ಬರೀ 25. ಇನ್ವರ್ಟರ್ ಮಿಷನ್ ಅದೇ ಕರೆಂಟನ್ನ ಒಳಗೇ ಸಾವಿರಾರು ಸೈಕಲ್‌ಗೆ ಏರಿಸುತ್ತೆ. ಅದಕ್ಕೇ ಒಂದು ಕೈಯಲ್ಲಿ ಎತ್ತಬಹುದು.

ಮಿಗ್ ಮಿಷನ್? ತೆಳು ತಗಡಿಗೆ ಚೆಂದ. ಆದ್ರೆ ಗ್ಯಾಸ್ ಸಿಲಿಂಡರ್, ವೈರ್ ಎಲ್ಲಾ ಸೇರಿ ಖರ್ಚು. ಬಾಗಿಲು ತೆಗೆದಿಟ್ಟ ಶೆಡ್ಡಲ್ಲಿ ಗಾಳಿ ಬೀಸಿದ್ರೆ ಗ್ಯಾಸ್ ಚದುರಿ ಬೆಸುಗೆಯಲ್ಲಿ ತೂತು ಬೀಳುತ್ತೆ.

5/6
ಕೊನೆಗೆ ಮೀಟರ್ ಬೋರ್ಡ್ ತೀರ್ಮಾನ ಮಾಡ್ತು. ನಮಗಿರೋದು ಸಿಂಗಲ್ ಫೇಸ್. 2.5 ಎಂಎಂ ರಾಡಿಗೆ ಸುಮಾರು 60ರಿಂದ 90 ಆಂಪ್ ಸಾಕು. 90 ಆಂಪ್ ಹಚ್ಚಿದಾಗ ಆರ್ಕ್‌ನಲ್ಲಿ 2 ಕಿಲೋವ್ಯಾಟ್. ನಷ್ಟ, ಪವರ್ ಫ್ಯಾಕ್ಟರ್ ಸೇರಿಸಿದ್ರೆ ಲೈನಿಂದ 15-16 ಆಂಪ್ ಎಳೆಯುತ್ತೆ. ಅಂದ್ರೆ 16 ಆಂಪ್ ಸಾಕೆಟ್ಟಿನ ಅಂಚು. ಮಿಷನ್‌ಗೇ ಅಂತ ಬೇರೆ ಲೈನ್, ಎಂಸಿಬಿ, ಅರ್ಥಿಂಗ್ ಮೊದಲು ಮಾಡಿಸಿದ್ವಿ. ತೆಳು ಎಕ್ಸ್‌ಟೆನ್ಷನ್ ವೈರ್ ಬೇಡವೇ ಬೇಡ.

ಮಿಷನ್ ಮೇಲೆ ಬರೆದಿರೋ 200ನ್ನ ನಂಬಿ ಕೂರಬೇಡಿ, ಡ್ಯೂಟಿ ಸೈಕಲ್ ಕೇಳಿ. 60% ಅಂದ್ರೆ ಆ ಆಂಪಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ನಾವು ತಗೊಂಡಿದ್ದು 200 ಆಂಪಿನ ಇನ್ವರ್ಟರ್. 90ರಲ್ಲಿ ಓಡಿಸೋದ್ರಿಂದ ಅದು ಸುಸ್ತಾಗಲ್ಲ.

6/6
ಉಳಿದ ದುಡ್ಡು ಹೆಲ್ಮೆಟ್, ಗ್ಲೌಸಿಗೆ. ಕಾರಣ ಇದೆ. ಹೋದ ವರ್ಷ ಒಂದು ಶಾಪಲ್ಲಿ ಪೈಪ್ ಹಿಡ್ಕೊಂಡು ನಿಂತಿದ್ದೆ, ‘ಒಂದೇ ಟ್ಯಾಕ್’ ಅಂತ ಬರಿಗಣ್ಣಲ್ಲಿ ನೋಡಿಬಿಟ್ಟೆ. ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಸುರಿದ ಹಾಗೆ. ಅಮ್ಮ ಪಕ್ಕದಲ್ಲೇ ಕೂತು ಬೆಳಗು ಮಾಡಿದ್ರು.

ಈ ಊರಿಗೆ ಇದು ಹೊಸ ಪಾಠ ಅಲ್ಲ. 3 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದ ನಮ್ಮ ಅಜ್ಜಂದಿರ ಕಾಲದವರು ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹೊತ್ತು ಬಂದ್ರು. 2001ರಲ್ಲಿ ಗಣಿ ಮುಚ್ಚಿತು, ಕೆಮ್ಮು ನಿಲ್ಲಲಿಲ್ಲ. ಚಿನ್ನದ ಲೆಕ್ಕ ಬರೆದಿಟ್ಟ ಹಾಗೆ ಆ ಶ್ವಾಸಕೋಶಗಳ ಲೆಕ್ಕವನ್ನ ಯಾರು ಬರೆದಿಟ್ರು?

ಅದಕ್ಕೇ ಹೇಳೋದು: ಬಾಗಿಲು ತೆಗೆದಿಡಿ, ಹೊಗೆಯಿಂದ ಮುಖ ಪಕ್ಕಕ್ಕಿಡಿ, ಹೆಲ್ಮೆಟ್ ಇಳಿಸಿ, ಆಮೇಲೆ ರಾಡ್ ಗೀರಿ. ಫ್ರೇಮ್ ನಿಂತ ದಿನ ಫೋಟೋ ಹಾಕ್ತೀನಿ. ಅಲ್ಲಿವರೆಗೆ ನಿಮ್ಮ ಶೆಡ್ಡಿನ ಮೀಟರ್ ಬೋರ್ಡ್ ಒಮ್ಮೆ ನೋಡ್ಕೊಂಡು ಬನ್ನಿ.

#ಬಂಗಾರಪೇಟೆ #ಕೆಜಿಎಫ್ #ನಮ್ಮೂರಇತಿಹಾಸ #ವೆಲ್ಡಿಂಗ್